ಅಕ್ಕನ ಪಾಲಿನ ಕಜಿ

ಸಾರಿಬುಲಾಕ್ ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿಗೆ ಇನ್ನೂ ಬೆಳಕು ಬಂದಿಲ್ಲ. ಹೊರಗೆ ಉಸಿರು ಬಿಟ್ಟರೆ ರೆಪ್ಪೆಯ ಮೇಲೆ ಹಿಮ ಕಟ್ಟುವ ಚಳಿ. ಒಳಗೆ, ಹಿರಿಯ ಹೆಂಗಸೆಂದು ಎಲ್ಲರೂ ಅಪಾ ಎಂದೇ ಕರೆಯುವ ಕನಿಪಾ ಅಪಾ, ಕೈಯಲ್ಲೊಂದು ದಪ್ಪ ಸೂಜಿ ಹಿಡಿದು ಕೊಪ್ಪರಿಗೆಯ ಮೇಲೆ ಬಾಗಿದ್ದಾರೆ. ತಣ್ಣೀರಿನಲ್ಲಿ ಇಟ್ಟ ಕಜಿ ಈಗಷ್ಟೇ ಕುದಿ ಹಿಡಿಯುತ್ತಿದೆ. ಕುದುರೆಯ ಪಕ್ಕೆಲುಬಿನ ಮಾಂಸವನ್ನು ಕೊಬ್ಬು, ಉಪ್ಪು, ಮೆಣಸು, ಬೆಳ್ಳುಳ್ಳಿಯ ಜೊತೆ ಕರುಳಿನೊಳಗೆ ತುಂಬಿ, ಎರಡೂ ತುದಿ ಕಟ್ಟಿ, ಗಾಳಿಗೆ ಒಣಗಿಸಿದ ತೋಳುದ್ದದ ಕಜಿ.

"ಈಗಲೇ ಚುಚ್ಚಿದ್ರೆ ರಸ ಎಲ್ಲ ಹೋಗಿಬಿಡುತ್ತೆ. ತಡ ಮಾಡಿದ್ರೆ ಹೊಟ್ಟೆ ಒಡ್ಕೊಳ್ಳುತ್ತೆ," ಎಂದು ಪಕ್ಕದಲ್ಲಿ ನಿಂತ ನನಗೆ ಹೇಳುತ್ತಾರೆ, ಕಣ್ಣು ಕೊಪ್ಪರಿಗೆಯಲ್ಲೇ ನೆಟ್ಟು. "ನಮ್ಮ ಯಜಮಾನರೂ ಹಿಂಗೇ ಇದ್ರು ಕಣೇ. ಸಿಟ್ಟು ಬರೋಕೆ ಮುಂಚೆ ಮಾತಾಡಿಸಬಾರದು, ಬಂದ್ಮೇಲೆ ಸುಮ್ಮನಿರಬಾರದು."

ಸೂಜಿ ನಾಲ್ಕಾರು ಕಡೆ ಇಳಿದು ಮೇಲೇಳುತ್ತದೆ. ಕೊಬ್ಬಿನ ಸಣ್ಣ ಹಳದಿ ಕಣ್ಣುಗಳು ನೀರಿನ ಮೇಲೆ ತೇಲತೊಡಗುತ್ತವೆ. ಇನ್ನು ಬೆಂಕಿ ತಗ್ಗಿಸಿ ಕಾಯುವುದು. ಕಜಿ ಬೆಂದ ಮೇಲೆ ಅದನ್ನು ತೆಗೆದಿಟ್ಟು, ಆ ಸಾರಿಗೆ ಈರುಳ್ಳಿ, ಕ್ಯಾರೆಟ್, ಆಲೂಗಡ್ಡೆ. ಎಲೆಕೋಸು ಎಲ್ಲಕ್ಕಿಂತ ಕೊನೆಗೆ. ಬಡಿಸುವಾಗ ಬಟ್ಟಲಿಗೊಂದೆರಡು ಬಿಲ್ಲೆ ಕಜಿ.

ಈ ಹೆದ್ದಾರಿಯಲ್ಲಿ ಓಡಾಡುವ ಲಾರಿಯವರು, ಬಸ್ಸಿನವರು, ಕುರಿ ಮಾರಲು ಹೊರಟವರು ಇದನ್ನು ಬಿರುಗಾಳಿ ಸಾರು ಎಂದು ಕರೆಯುತ್ತಾರೆ. ಊರಿನ ಹಿರಿಯರಿಗೆ ಮಾತ್ರ ಇದು ಈಗಲೂ ಒಗ್ಗಿಲ್ಲ. "ಕಜಿ ನೀರಿಗೆ ಎಲೆಕೋಸು ಹಾಕ್ತಾರೇನಮ್ಮಾ? ಕುದುರೆ ತಿನ್ನೋದನ್ನೆಲ್ಲ ಕುದುರೆ ಜೊತೆಗೇ ಬೇಯಿಸಿದ್ದೀಯಲ್ಲ!" ಎಂದು ಮುದುಕರೊಬ್ಬರು ದಿನವೂ ಮೂದಲಿಸುತ್ತಾರೆ. ಬಟ್ಟಲನ್ನು ಮಾತ್ರ ಎರಡನೇ ಸಲ ಮುಂದೆ ಚಾಚುತ್ತಾರೆ.

ಹೊಗಳಿದರೆ ಕನಿಪಾ ಅಪಾ ಮುಖ ತಿರುಗಿಸಿಕೊಳ್ಳುತ್ತಾರೆ. ಸಂಕೋಚವೆಂದು ನಾವೆಲ್ಲ ತಿಳಿದಿದ್ದೆವು.

ಅವರ ತಾಯಿ ತೀರಿಕೊಂಡಾಗ ಅವರಿನ್ನೂ ತೊಟ್ಟಿಲ ಕೂಸು. ಸಾಕಿದ್ದು ಅಕ್ಕ ರಿಸ್ತಿ. ಕರುಳು ತೊಳೆಯುವುದು, ಮಾಂಸ ತುಂಬುವುದು, ಸೂಜಿ ಹಿಡಿಯುವುದು, ಎಲ್ಲವೂ ಅಕ್ಕ ಕಲಿಸಿದ್ದು. ರಿಸ್ತಿ ಮದುವೆಯಾಗಿ ದೂರದ ಕರಾಸುವಿಗೆ ಹೋದ ಮೇಲೆ ಕನಿಪಾ ಅಪಾ ಪ್ರತಿ ಚಳಿಗಾಲ ಒಂದು ಕಜಿಯನ್ನು ಅಕ್ಕನ ಸಿಬಾಗಾ ಎಂದು ತೊಲೆಗೆ ತೂಗುಹಾಕುತ್ತಾ ಬಂದರು. ಚಳಿಗಾಲದ ಮಾಂಸದಲ್ಲಿ ಬಾರದವರಿಗಾಗಿ ಎತ್ತಿಟ್ಟ ಪಾಲು ಅದು. ಮನೆಯವರು ಹಸಿದಿದ್ದರೂ ಅದನ್ನು ಮುಟ್ಟುವುದಿಲ್ಲ. ವಸಂತದ ಹಬ್ಬಕ್ಕೆ ಅಕ್ಕ ಬರುತ್ತಿದ್ದರು, ತಮ್ಮ ಪಾಲು ತಿಂದು ಉಪ್ಪು ಕಮ್ಮಿ ಎಂದು ಬೈದು ಹೋಗುತ್ತಿದ್ದರು.

ಏಳೆಂಟು ವರ್ಷದ ಹಿಂದಿನ ಮಾತು. ಆಗ ಈ ಶೆಡ್ಡಿನಲ್ಲಿ ಸಿಗುತ್ತಿದ್ದುದು ಚಹಾ ಮತ್ತು ಕರಿದ ಹಿಟ್ಟಿನುಂಡೆ ಮಾತ್ರ. ಚಳಿಗಾಲದ ಕೊನೆಗೆ ಎದ್ದ ಹಿಮದ ಬಿರುಗಾಳಿಗೆ ರಸ್ತೆ ಎರಡೂ ಕಡೆ ಮುಚ್ಚಿತು. ಬಸ್ಸೊಂದರ ಜನ ಇಲ್ಲೇ ಸಿಕ್ಕಿಕೊಂಡರು. ಎರಡನೇ ದಿನಕ್ಕೆ ಹಿಟ್ಟೂ ಮುಗಿಯಿತು. ಬಸುರಿಯೊಬ್ಬಳು ಗೋಡೆಗೊರಗಿ ನಡುಗುತ್ತಿದ್ದಳು.

"ಮನೇಲಿ ಮಾಂಸ ಅಂತ ಉಳಿದಿದ್ದು ಅಕ್ಕನ ಪಾಲೊಂದೇ," ಎನ್ನುತ್ತಾರೆ ಕನಿಪಾ ಅಪಾ. "ಒಂದು ಕಜಿ ಎಷ್ಟು ಬಾಯಿಗೆ ಸಾಕಾಗುತ್ತೆ ಹೇಳು? ನೆಲಮಾಳಿಗೇಲಿ ಇದ್ದ ಕ್ಯಾರೆಟ್ಟು, ಆಲೂಗಡ್ಡೆ, ಎಲೆಕೋಸು ಎಲ್ಲ ತಂದು ಸುರಿದೆ. ಎಲ್ರೂ ಕುಡಿದ್ರು. ಆ ಹುಡುಗಿ ಮುಖಕ್ಕೆ ಬಣ್ಣ ಬಂತು. ಅದಕ್ಕೆ ನಂಗೆ ಬೇಜಾರಿಲ್ಲ."

ಬೇಜಾರು ಆಮೇಲಿನದು. ಹಬ್ಬಕ್ಕೆ ಅಕ್ಕ ಬರುವ ಹೊತ್ತಿಗೆ ಅವರಿಗೆ ಹೆದರಿಕೆ ಹತ್ತಿತು. ಪೇಟೆಯಿಂದ ಒಂದು ಕಜಿ ತಂದು ಬೇಯಿಸಿ, ಬಿಲ್ಲೆ ಮಾಡಿ ಮುಂದಿಟ್ಟರು.

"ನಮ್ಮನೇಲಿ ಬೆಳ್ಳುಳ್ಳಿ ಜಜ್ಜಿ ಹಾಕ್ತೀವಿ. ಪೇಟೆಯವರು ಹೆಚ್ಚಿ ಹಾಕ್ತಾರೆ. ಅದೂ ಹೊಳೀಲಿಲ್ಲ ನಂಗೆ. ಅಕ್ಕ ಒಂದು ತುಂಡು ಬಾಯಿಗಿಟ್ಕೊಂಡು ನನ್ನ ಮುಖ ನೋಡಿದಳು. 'ಇದು ನನ್ನ ಪಾಲೇನೇ?' ಅಂದಳು. 'ಹೂಂ ಅಕ್ಕಾ, ನಿಂಗೇ ಅಂತ ಇಟ್ಟಿದ್ದು' ಅಂದುಬಿಟ್ಟೆ. ಅಷ್ಟನ್ನೂ ತಿಂದಳು. ಉಪ್ಪು ಕಮ್ಮಿ ಅನ್ನಲಿಲ್ಲ."

ರಿಸ್ತಿ ಮತ್ತೆ ಬರಲಿಲ್ಲ. ಮುಂದಿನ ವರ್ಷ ಕನಿಪಾ ಅಪಾ ತಾವೇ ಕರಾಸುವಿಗೆ ಹೋದರು. ಅಕ್ಕ ಕೂರಿಸಿದರು, ಚಹಾ ಕೊಟ್ಟರು. ಬಟ್ಟಲಿನ ಅಂಚಿನವರೆಗೆ ತುಂಬಿಸಿ ಕೊಟ್ಟರು. ಇನ್ನಷ್ಟು ಹೊತ್ತು ಇರಲಿ ಎನ್ನುವ ಅತಿಥಿಗೆ ನಾವು ಅರ್ಧ ಬಟ್ಟಲಷ್ಟೇ ಹಾಕುತ್ತೇವೆ, ಮತ್ತೆ ಮತ್ತೆ ಹಾಕುವುದಕ್ಕೆ. ತುಂಬಿದ ಬಟ್ಟಲೆಂದರೆ ಕುಡಿದು ಹೊರಡು ಎಂದೇ. "ಹೇಳಬೇಕು ಅಂತಲೇ ಹೋಗಿದ್ದೆ. ಆ ಬಟ್ಟಲು ನೋಡಿ, ಸುಡುಸುಡು ಚಹಾ ಕುಡಿದು ಬಂದುಬಿಟ್ಟೆ."

ಈಗ ಅಕ್ಕನಿಗೆ ಮಂಡಿನೋವು, ಎದ್ದು ಓಡಾಡಲಾಗುವುದಿಲ್ಲ. ಬರುತ್ತೇನೆಂದರೂ ಬರಲಾರರು. ಪ್ರತಿ ಚಳಿಗಾಲ ಕರಾಸು ಬಸ್ಸಿನ ಚಾಲಕ ತೊಲೆಗೆನ್ ಕೈಯಲ್ಲಿ ಸಿಬಾಗಾ ಹೋಗುತ್ತದೆ, ಕಟ್ಟಿದ ಬಟ್ಟೆ ಬಿಚ್ಚದೆ ಹಾಗೇ ಮರಳುತ್ತದೆ.

ಬೆಳಕು ಹರಿಯುವಾಗ ತೊಲೆಗೆನ್ ಬಂದು ಸಾರಿನ ಬಟ್ಟಲು ಹಿಡಿದು ಬೆಂಚಿನ ಮೇಲೆ ಕೂರುತ್ತಾರೆ. ಬಿಳಿ ಬಟ್ಟೆಯ ಗಂಟು ಕಂಡದ್ದೇ ತಲೆ ಚಚ್ಚಿಕೊಳ್ಳುತ್ತಾರೆ. "ಈ ವರ್ಷಾನೂನಾ ಅಪಾ? ನನ್ನ ಬಸ್ಸಲ್ಲಿ ನಿಮ್ಮ ಕಜಿ ಓಡಾಡಿದಷ್ಟು ಯಾರೂ ಓಡಾಡಿಲ್ಲ. ಅದಕ್ಕೊಂದು ಸೀಟೇ ಕೊಟ್ಟುಬಿಡ್ತೀನಿ."

ಕನಿಪಾ ಅಪಾ ನಗುವುದಿಲ್ಲ. ಸೌಟು ಕೆಳಗಿಡುತ್ತಾರೆ. "ಈ ಸಲ ಅಕ್ಕಂಗೆ ಒಂದು ಮಾತೂ ತಗೊಂಡು ಹೋಗಪ್ಪಾ. ಬಿರುಗಾಳಿ ಬಂದ ವರ್ಷ ನಿನ್ನ ಪಾಲನ್ನ ನಿನ್ನ ತಂಗಿ ದಾರೀಲಿ ಸಿಕ್ಕಿಕೊಂಡವರಿಗೆ ಹಾಕಿದಳಂತೆ, ನಿಂಗೆ ಬಡಿಸಿದ್ದು ಪೇಟೇದಂತೆ ಅಂತ ಹೇಳು. ಸುಳ್ಳು ಹೇಳಿದೆ ಅಂತ ಅವಳೇ ಒಪ್ಕೊಂಡಳು ಅಂತ ಹೇಳು."

ತೊಲೆಗೆನ್ ಬಾಯಿಗೊಯ್ದ ಚಮಚ ಅಲ್ಲೇ ನಿಲ್ಲುತ್ತದೆ. ಅಂದು ಸಿಕ್ಕಿಕೊಂಡ ಬಸ್ಸು ಓಡಿಸುತ್ತಿದ್ದವರು ಅವರೇ.

"ಅದು ಅವರ ಪಾಲಾಗಿತ್ತಾ? ನಾನು ಮೂರು ಬಟ್ಟಲು ಕುಡಿದಿದ್ದೆ ಅಪಾ."

"ನಾಲ್ಕು," ಎನ್ನುತ್ತಾರೆ ಕನಿಪಾ ಅಪಾ.

ತೊಲೆಗೆನ್ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎದ್ದು ಹೋಗುತ್ತಾರೆ. ಬಟ್ಟಲಿನ ಸಾರು ಅರ್ಧಕ್ಕೇ ಉಳಿಯುತ್ತದೆ.

ಮುಂದಿನ ಶನಿವಾರ ಮತ್ತೆ ಅದೇ ಶೆಡ್ಡು, ಅದೇ ಹಬೆ. ತೊಲೆಗೆನ್ ಜೇಬಿನಿಂದ ಬಿಳಿ ಬಟ್ಟೆ ತೆಗೆದು ಮುಂದಿಡುತ್ತಾರೆ. ಒಗೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿದ ಬಟ್ಟೆ. ಕಜಿ ಮರಳಿಲ್ಲ. ಆದರೆ ಬಟ್ಟೆಯೊಳಗೆ ಒಂದು ಹಿಡಿ ಒಣದ್ರಾಕ್ಷಿಯೂ ಇಲ್ಲ. ನಮ್ಮಲ್ಲಿ ಯಾರೂ ತಿಂಡಿ ಕಟ್ಟಿ ಕಳಿಸಿದ ಬಟ್ಟೆಯನ್ನು ಬರಿದಾಗಿ ಹಿಂದೆ ಕಳಿಸುವುದಿಲ್ಲ.

"ಏನಂದಳು?"

"ಹೇಳಿದೆ ಅಪಾ. ಎಲ್ಲ ಕೇಳಿಸ್ಕೊಂಡ್ರು. 'ಚಹಾ ಕುಡಿ' ಅಂದ್ರು."

"ಬಟ್ಟಲು ತುಂಬಿತ್ತಾ?"

"ಅರ್ಧ ಇತ್ತು."

ಕನಿಪಾ ಅಪಾ ಬಟ್ಟೆಯನ್ನು ಬಿಚ್ಚಿ ನೋಡುತ್ತಾರೆ, ತಿರುಗಿಸಿ ನೋಡುತ್ತಾರೆ, ಮತ್ತೆ ಅದೇ ಮಡಿಕೆಗೆ ಮಡಿಸುತ್ತಾರೆ. ಕುದಿ ಬಂತೆಂದು ಸೂಜಿ ಹುಡುಕುತ್ತಾ, ಬೆನ್ನು ತಿರುಗಿಸಿಯೇ ಹೇಳುತ್ತಾರೆ:

"ನನ್ನ ಮೇಲೆ ಇನ್ನೂ ಸಿಟ್ಟಲ್ಲೇ ಇದ್ದಾಳೆ. ಇರಲಿ ಬಿಡು, ಗಟ್ಟಿಮುಟ್ಟಾಗಿದ್ದಾಳೆ ಅಂತಾಯ್ತು. ಮುಂದಿನ ಚಳಿಗಾಲ ಇದೇ ಬಟ್ಟೇಲಿ ಕಟ್ಟಿ ಕಳಿಸ್ತೀನಿ. ಉಪ್ಪು ಕಮ್ಮಿ ಹಾಕಿ."