ನಲವತ್ತೊಂದನೆಯ ಪುಟದ ಹೊಳಪು

೨೦೧೦ನೆಯ ಇಸವಿಯ ಜೂನ್ ಹನ್ನೆರಡನೆಯ ತಾರೀಖು, ಶನಿವಾರ, ಬೆಳಿಗ್ಗೆ ಹತ್ತೂಕಾಲಕ್ಕೆ ನಮ್ಮ ಕೌಂಟಿ ಮೈದಾನದ ಮೂರನೆಯ ಶೆಡ್ಡಿನಲ್ಲಿ ವರ್ನನ್ ಸ್ಟಕಿಯವರ ಕಾರ್ಬುರೇಟರನ್ನು ಅವರಿಗೆ ಹಿಂದಿರುಗಿಸಲಾಯಿತು. ಅದು ಹೊಳೆಯುತ್ತಿತ್ತು. ಅವರು ಕೊಟ್ಟಾಗ ಹೊಳೆಯುತ್ತಿರಲಿಲ್ಲ. ನಡೆದ ಅನ್ಯಾಯ ಇಷ್ಟೇ. ಇದನ್ನು ಅನ್ಯಾಯವೆಂದು ಒಪ್ಪಲು ನಮ್ಮ ಸಂಘದ ತೀರ್ಪುಗಾರರ ಸಮಿತಿಗೆ ಇಂದಿಗೂ ಸಾಧ್ಯವಾಗಿಲ್ಲ.

ನಾನು ಅಮೆರಿಕದ ಒಹಾಯೊ ರಾಜ್ಯದ ಈ ಕೌಂಟಿಯಲ್ಲಿ ಮೂವತ್ತೊಂದು ವರ್ಷ ತೂಕ ಮತ್ತು ಅಳತೆಗಳ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತನಾದವನು. ಆಗ ಹಳೆಯ ಮೋಟಾರ್‌ಸೈಕಲ್ ಸಂಘದ ಕಾರ್ಯದರ್ಶಿಯೂ ಆಗಿದ್ದೆ. ಆ ವರ್ಷದ ಮೇ ಮೂರರಂದು ಕಾರ್ಬುರೇಟರನ್ನು ಫೋಟೋ ತೆಗೆಯಲೆಂದು ಸಂಘಕ್ಕೆ ಎರವಲು ಪಡೆದಾಗ ರಸೀದಿ ಬರೆದವನು ನಾನೇ. ‘ಇದ್ದ ಸ್ಥಿತಿಯಲ್ಲಿಯೇ ಹಿಂದಿರುಗಿಸತಕ್ಕದ್ದು’ ಎಂಬ ಸಾಲು ನನ್ನ ಕೈಬರಹದಲ್ಲಿದೆ. ಹೀಗಾಗಿ ಇಲ್ಲಿ ನಾನು ಬರೀ ಸಾಕ್ಷಿದಾರನಲ್ಲ, ಮೋಸಹೋದವನೂ ಹೌದು.

ಹಿಂದಿರುಗಿಸಿದವರು ಸಂಘದ ಹಳೆಯ ಗಾಡಿಗಳ ಸ್ಪರ್ಧೆಯ ಮುಖ್ಯ ತೀರ್ಪುಗಾರ ರಸೆಲ್ ಹೇವರ್‌ಕ್ಯಾಂಪ್. ದನದ ಮೇವು ಮಾರುವ ಅಂಗಡಿಯ ಮಾಲೀಕರು, ದೊಡ್ಡ ದನಿಯವರು.

“ನೋಡು ವರ್ನ್, ಎಪ್ಪತ್ತು ವರ್ಷದ ಕೊಳೆ ಹೇಗೆ ಹೋಯ್ತು! ಲೋಹ ಉಜ್ಜೋ ಬಫಿಂಗ್ ಚಕ್ರಕ್ಕೆ ಹಿಡಿದೆ, ಹತ್ತೇ ನಿಮಿಷ. ಫೋಟೋದಲ್ಲಿ ಎಷ್ಟು ಚೆನ್ನಾಗಿ ಬಂತು ಗೊತ್ತಾ? ಒಂದು ಥ್ಯಾಂಕ್ಸಾದ್ರೂ ಹೇಳಯ್ಯ.”

ವರ್ನನ್ ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು. “ಅದು ಕೊಳೆ ಅಲ್ಲ ರಸ್. ಅದರ ಚರ್ಮ.”

“ಚರ್ಮಾನಾ? ಸರಿ ಬಿಡು, ಕ್ಷೌರ ಮಾಡಿಸ್ಕೊಂಡು ಬಂದಿದೆ ಅನ್ಕೋ!”

ಶೆಡ್ಡಿನಲ್ಲಿ ಹನ್ನೊಂದು ಜನರಿದ್ದೆವು. ಒಂಬತ್ತು ಜನ ನಕ್ಕರು. ವರ್ನನ್ ನಗಲಿಲ್ಲ, ನಾನೂ ನಗಲಿಲ್ಲ, ಆದರೆ ಬಾಯಿ ಬಿಡಲೂ ಇಲ್ಲ. ಇದನ್ನು ದಾಖಲಿಸದೆ ಮುಂದುವರಿಯುವುದು ಪ್ರಾಮಾಣಿಕತೆಯಲ್ಲ.

ವರ್ನನ್ ಅವರದು ಸದ್ದಿಲ್ಲದ ಬದುಕು. ಮೂವತ್ತನಾಲ್ಕು ವರ್ಷ ಒಂದೇ ಕಾರ್ಖಾನೆಯಲ್ಲಿ, ನಿಕಲ್ ಲೇಪ ಹಾಕುವ ತೊಟ್ಟಿಗಳ ಮುಂದೆ ನಿಂತು ದುಡಿದವರು. ನಿವೃತ್ತರಾದ ಮೇಲೆ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಹಳೆಯ ಮೋಟಾರ್‌ಸೈಕಲ್‌ಗಳ ಕಾರ್ಬುರೇಟರುಗಳಿಗೆ ಅವುಗಳ ಮೊದಲಿನ ಮುಖವನ್ನು ಮರಳಿ ತರುವ ಕೆಲಸ ಹಿಡಿದರು. ಎಂಜಿನ್ನಿಗೆ ಇಂಧನ ಸರಿಯಾಗಿ ಹೋಗುವಂತೆ ಮಾಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ವರ್ನನ್ ನೋಡುತ್ತಿದ್ದುದು ಮೇಲ್ಮೈಯನ್ನು ಮಾತ್ರ. ಹಿತ್ತಾಳೆಯ ಒಡಲನ್ನು ಬಿಸಿ ಸೋಪುನೀರಿನಲ್ಲಿ ಎರಡು ದಿನ ನೆನೆಸುವರು. ತಂತಿ ಬ್ರಷ್ಷನ್ನು ಗ್ಯಾರೇಜಿನೊಳಗೆ ಬಿಡುತ್ತಿರಲಿಲ್ಲ. ಸವೆದುಹೋದ ಲೇಪವನ್ನು ತೆಗೆದು, ಹೊಸ ನಿಕಲ್ಲನ್ನು ತೆಳ್ಳಗೆ ಕೂರಿಸಿ, ಕೊನೆಗೆ ದಿನಸಿ ಅಂಗಡಿಯ ಕಂದು ಕಾಗದದ ಚೀಲವನ್ನು ಹರಿದು ಅದರಿಂದಲೇ ಉಜ್ಜಿ ಹೊಳಪನ್ನು ಇಳಿಸುವರು. ಹೊಳಪು ತರುವುದು ಸುಲಭ, ಇಳಿಸುವುದೇ ವಿದ್ಯೆ ಎನ್ನುತ್ತಿದ್ದರು. ಕಾರ್ಖಾನೆಯವರು ತೊಟ್ಟಿಯಿಂದ ಎತ್ತಿದ್ದನ್ನು ಉಜ್ಜದೆ ಹಾಗೆಯೇ ಡಬ್ಬಕ್ಕೆ ಹಾಕಿ ಕಳುಹಿಸುತ್ತಿದ್ದ ಕಾಲದ ವಸ್ತು ಅದು. ಹಾಲಿನ ಕೆನೆಯಂಥ ಮಂಕು ಬೂದು ಬಣ್ಣ ಅದರ ನಿಜವಾದ ಬಣ್ಣ.

ಆ ಬಣ್ಣಕ್ಕೆ ಅವರ ಬಳಿ ಒಂದೇ ಒಂದು ಪ್ರಮಾಣವಿತ್ತು: ೧೯೩೮ರಲ್ಲಿ ತಯಾರಾಗಿ, ಎಂದೂ ಯಾವ ಎಂಜಿನ್ನಿಗೂ ಜೋಡಿಸದೆ ಉಳಿದ ಕಾರ್ಬುರೇಟರ್. ಅದರ ತಿರುಪುಗಳ ಸೀಳಿಗೆ ಸ್ಕ್ರೂಡ್ರೈವರ್ ತಾಗಿರಲಿಲ್ಲ. ಅದನ್ನು ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ ಬ್ರೆಡ್ಡಿನ ಡಬ್ಬದಲ್ಲಿ ಇಟ್ಟಿದ್ದರು. ಹೇವರ್‌ಕ್ಯಾಂಪ್ ಬಫಿಂಗ್ ಚಕ್ರಕ್ಕೆ ಹಿಡಿದದ್ದು ಅದನ್ನೇ.

೨೦೧೧ರ ಫೆಬ್ರವರಿಯಲ್ಲಿ ಸಂಘದ ತೀರ್ಪುಗಾರರ ಕೈಪಿಡಿ ಅಚ್ಚಾಯಿತು. ನಲವತ್ತೊಂದನೆಯ ಪುಟದಲ್ಲಿ ಆ ಕಾರ್ಬುರೇಟರಿನ ಫೋಟೋ, ಕನ್ನಡಿಯಂತೆ ಹೊಳೆಯುತ್ತ. ಅಡಿಬರಹ: ‘ಕಾರ್ಖಾನೆಯಿಂದ ಹೊರಬಂದ ಸ್ಥಿತಿ’. ಆ ವರ್ಷದಿಂದ ಮಂಕು ಕಾರ್ಬುರೇಟರ್ ಇದ್ದ ಪ್ರತಿಯೊಂದು ಗಾಡಿಗೂ ಸ್ಪರ್ಧೆಯಲ್ಲಿ ಆರು ಅಂಕ ಕಡಿತವಾಯಿತು. ವರ್ನನ್ ಅವರಿಂದ ಕೆಲಸ ಮಾಡಿಸಿಕೊಂಡಿದ್ದ ಎಂಟು ಜನ ಮೊದಲ ವರ್ಷವೇ ಬಹುಮಾನ ಕಳೆದುಕೊಂಡರು. ಅವರಲ್ಲಿ ಐವರು ಮತ್ತೆ ಆ ಗ್ಯಾರೇಜಿಗೆ ಬರಲಿಲ್ಲ. ವರ್ನನ್ ಅವರದೇ ಕಾರ್ಬುರೇಟರಿನ ಫೋಟೋದಿಂದ ಅವರನ್ನೇ ತಪ್ಪುಗಾರರನ್ನಾಗಿ ಮಾಡಲಾಗಿತ್ತು. ನಾನು ಸಮಿತಿಗೆ ನಾಲ್ಕು ಪತ್ರ ಬರೆದೆ. ‘ಕೈಪಿಡಿಯೇ ಪ್ರಮಾಣ’ ಎಂದು ಉತ್ತರ ಬಂತು. ನಾನು ಕಾರ್ಯದರ್ಶಿ ಹುದ್ದೆಯನ್ನು ಬಿಟ್ಟೆ. ವರ್ನನ್ ಮಾತ್ರ ಒಂದು ರಟ್ಟಿನ ಮೇಲೆ ‘ತೀರ್ಪುಗಾರರಿಗೆ ಕೆಲಸ ಮಾಡಿಕೊಡುವುದಿಲ್ಲ’ ಎಂದು ಬರೆದು ಬಾಗಿಲಿಗೆ ತಗುಲಿಸಿ, ಕಾದರು.

ಎಂಟು ವರ್ಷ ಕಾದರು. ಇದನ್ನು ಬೇರೆ ಹೆಸರಿನಿಂದ ಕರೆದು ಅವರಿಗೆ ಅವಮಾನ ಮಾಡಲಾರೆ: ಅದು ಸೇಡಿನ ಕಾಯುವಿಕೆಯೇ.

೨೦೧೯ರ ಏಪ್ರಿಲ್ ಒಂಬತ್ತರಂದು ಅಂಚೆಯಲ್ಲಿ ಒಂದು ಪೆಟ್ಟಿಗೆ ಬಂತು. ಕಳುಹಿಸಿದವರ ಹೆಸರು ಜೀನ್ ಲಾಬರ್. ಒಳಗೆ ಅದೇ ಮಾದರಿಯ ಇನ್ನೊಂದು ಕಾರ್ಬುರೇಟರ್, ಜೊತೆಗೊಂದು ಚೀಟಿ: ‘ಒಡಲು ಪೂರ್ತಿ ನಲವತ್ತೊಂದನೆಯ ಪುಟದಂತೆ ಹೊಳೆಯಬೇಕು’. ವರ್ನನ್ ಫೋನ್ ಮಾಡಿ ನನ್ನನ್ನು ಕರೆಸಿದರು. ಅವರ ಹೆಂಡತಿ ಲೋರ್ನಾ ಕಾಫಿ ತಂದಿಟ್ಟು ಅಲ್ಲೇ ನಿಂತರು.

“ತಿರುಪು ನೋಡು,” ಎಂದರು ವರ್ನನ್.

ಸೀಳುಗಳು ಚೂಪಾಗಿದ್ದವು. ಯಾರೂ ಮುಟ್ಟಿರಲಿಲ್ಲ. ಮೈಮೇಲೆ ಆ ಕೆನೆಬೂದು ಹಾಗೆಯೇ ಕುಳಿತಿತ್ತು. ಒಂಬತ್ತು ವರ್ಷದ ಹಿಂದೆ ಸತ್ತದ್ದರ ಒಡಹುಟ್ಟು ಎದುರಿಗೆ ಬಂದು ಕೂತಂತಿತ್ತು.

“ಈಗ ಪೆಟ್ಟಿಗೆ ಮೇಲೆ ವಿಳಾಸದ ಚೀಟಿ ಅಂಟಿಸಿರೋ ಕಡೆ ನೋಡು.”

ಲಾಬರ್ ಹೆಸರಿನ ಚೀಟಿಯ ಅಂಚು ಎದ್ದಿತ್ತು. ಅದರಡಿ ಮೇವಿನ ಅಂಗಡಿಯ ಅಚ್ಚು ಚೀಟಿ. ಲಾಬರ್ ಎಂದರೆ ಹೇವರ್‌ಕ್ಯಾಂಪರ ಭಾವಮೈದುನ. ನಿಕಲ್ ಕೆಲಸಕ್ಕೆ ನಮ್ಮ ಕೌಂಟಿಯಲ್ಲಿ ವರ್ನನ್ ಅವರಿಗಿಂತ ಪಳಗಿದ ಕೈ ಇಲ್ಲವೆಂಬುದು ಹೇವರ್‌ಕ್ಯಾಂಪರಿಗೂ ಗೊತ್ತಿತ್ತು.

“ಅಯ್ಯೋ ದೇವರೇ,” ಲೋರ್ನಾ ನಕ್ಕುಬಿಟ್ಟರು. “ಆ ಮನುಷ್ಯನಿಗೆ ಇದೂ ಕೊಳೆ ಅಂತ್ಲೇ ಕಂಡಿದೆ! ತಾನೇ ಬರೆದ ಪುಟಕ್ಕೆ ತಾನೇ ಹೆದರ್ಕೊಂಡು, ನಿನ್ನ ಬಾಗಿಲಿನ ರಟ್ಟು ನೆನಪಾಗಿ ಹೆಸರು ಬದಲಾಯಿಸಿ ಕಳಿಸಿದಾನೆ.”

“ಹಿಂದೆ ಕಳಿಸಿಬಿಡಿ,” ಎಂದೆ ನಾನು.

“ಕಳಿಸಿದ್ರೆ ಬೇರೆಯವನ ಹತ್ರ ಉಜ್ಜಿಸ್ತಾನೆ.”

“ಹಾಗಾದ್ರೆ ಇದೇನು ಅಂತ ಅವನಿಗೆ ಹೇಳಿ.”

“ಒಂದ್ಸಲ ಹೇಳಿದ್ದೆ. ಕ್ಷೌರದ ಜೋಕ್ ಮಾಡಿದ.” ವರ್ನನ್ ಕನ್ನಡಕ ತೆಗೆದು ಒರೆಸಿದರು. “ಅವನು ಕೇಳಿದ್ದನ್ನೇ ಕೊಡ್ತೀನಿ. ಅರ್ಧ ಕೊಡ್ತೀನಿ.”

“ನೀನು ಈ ಕೆಲಸ ಮಾಡಿದ್ರೆ ನಿನ್ನ ನಿದ್ದೆನೇ ಹಾಳಾಗತ್ತೆ, ನೋಡ್ಕೋ,” ಎಂದರು ಲೋರ್ನಾ.

“ಆಗ್ಲಿ. ಒಂಬತ್ತು ವರ್ಷದಿಂದ ಅಭ್ಯಾಸ ಆಗಿದೆ.”

ಒಡಲಿನ ನಟ್ಟನಡುವೆ ಮೇಲಿನಿಂದ ಕೆಳಗೆ ಟೇಪ್ ಅಂಟಿಸಿ, ಎಡಭಾಗವನ್ನು ಬಟ್ಟೆಯಲ್ಲಿ ಸುತ್ತಿದರು. ಬಲಭಾಗವನ್ನು ಚಕ್ರಕ್ಕೆ ಹಿಡಿದರು. ಹತ್ತೇ ನಿಮಿಷ, ನಾನು ಗಡಿಯಾರ ನೋಡಿದೆ. ಜೀವನದಲ್ಲಿ ಅವರು ಹಾಳುಮಾಡಿದ ಮೊದಲ ಮೇಲ್ಮೈ ಅದು. ಟೇಪ್ ಕಿತ್ತಾಗ ಮೈಯ ಮಧ್ಯೆ ಕೂದಲೆಳೆಯಷ್ಟು ತೆಳುವಾದ ನೇರ ಗೆರೆ: ಈ ಕಡೆ ೧೯೩೮, ಆ ಕಡೆ ನಲವತ್ತೊಂದನೆಯ ಪುಟ. ಈ ಕೃತ್ಯ ಸರಿಯೆಂದು ನಾನು ವಾದಿಸುವುದಿಲ್ಲ. ಮತ್ತೊಬ್ಬರ ಸೊತ್ತಿನ ಅರ್ಧ ಚರ್ಮ ಶಾಶ್ವತವಾಗಿ ಹೋಯಿತು. ಅಂದೇ ಎರಡೂ ಬದಿಗಳನ್ನು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಹದಿನಾಲ್ಕು ಫೋಟೋ ತೆಗೆದೆ.

ಜೂನ್ ಹದಿನೈದು, ಶನಿವಾರ. ಅದೇ ಮೈದಾನ. ತೀರ್ಪುಗಾರರು ಊಟದ ವೇಳೆಗೆ ಚಿಕನ್ ಸ್ಯಾಂಡ್‌ವಿಚ್ ಕಾಗದ ಬಿಡಿಸುತ್ತಿದ್ದಾಗ ವರ್ನನ್ ಆ ಮೇಜಿನ ಬಳಿಗೆ ಹೋಗಿ, ಕೈಪಿಡಿಯನ್ನು ನಲವತ್ತೊಂದನೆಯ ಪುಟಕ್ಕೆ ತೆರೆದು, ಅದರ ಮೇಲೆ ಕಾರ್ಬುರೇಟರ್ ಇಟ್ಟರು.

“ನಿನ್ನ ಭಾವಮೈದುನನ ಕೆಲಸ ಮುಗೀತು ರಸ್. ಅರ್ಧ ಮಾತ್ರ. ಇನ್ನರ್ಧ ಎಪ್ಪತ್ತು ವರ್ಷದ ಕೊಳೆ, ಬೇಕಾದ್ರೆ ನೀನೇ ತೆಗಿ.”

ಹೇವರ್‌ಕ್ಯಾಂಪ್ ಅದನ್ನೆತ್ತಿ ಎಡಕ್ಕೂ ಬಲಕ್ಕೂ ತಿರುಗಿಸಿದರು. ಅವರ ಮುಖ ಕೆಂಪಾದದ್ದನ್ನು ನಾನು ಮೂರಡಿ ದೂರದಿಂದ ಕಂಡೆ. ಪಕ್ಕದ ತೀರ್ಪುಗಾರರೊಬ್ಬರು ತಿರುಪುಗಳ ಸೀಳು ನೋಡಿ, “ರಸ್, ಇದು ಯಾರೂ ಮುಟ್ಟದ ಮಾಲಲ್ವಾ?” ಎಂದರು.

“ಮುಟ್ಟಿದಾನಲ್ಲ ಈ ಮುದುಕ!”

“ಅವನು ಮುಟ್ಟದೇ ಇರೋ ಕಡೆ ಕೇಳ್ತಿದೀನಿ.”

ಮೇಜಿನ ಸುತ್ತ ಜನ ಸೇರಿದರು. ಈ ಬಾರಿ ಯಾರೂ ನಗಲಿಲ್ಲ. ವರ್ನನ್ ಮಾತ್ರ ನಕ್ಕರು. ಅದು ಸುಂದರವಾದ ನಗೆಯಲ್ಲ.

ಜುಲೈ ಎಂಟರಂದು ಸಮಿತಿ ಸಭೆ ಸೇರಿ, ‘ಸದಸ್ಯರೊಬ್ಬರ ಸೊತ್ತಿಗೆ ಉದ್ದೇಶಪೂರ್ವಕ ಹಾನಿ’ ಎಂಬ ಕಾರಣ ನೀಡಿ ವರ್ನನ್ ಸ್ಟಕಿಯವರ ಮೂವತ್ತಾರು ವರ್ಷದ ಸದಸ್ಯತ್ವವನ್ನು ರದ್ದುಮಾಡಿತು. ಅದಕ್ಕೂ ಮೊದಲೇ, ಅಂದರೆ ಜೂನ್ ತಿಂಗಳೊಳಗೇ, ಹೇವರ್‌ಕ್ಯಾಂಪ್ ಉಳಿದ ಅರ್ಧವನ್ನೂ ಹೊಳೆಯುವಂತೆ ಉಜ್ಜಿಸಿದ್ದರು. ಏಕೆಂದು ಕೇಳಿದ್ದಕ್ಕೆ, “ಅಂಕ ಹೋಗತ್ತಲ್ಲ,” ಎಂದರಂತೆ. ಹೀಗೆ ನಮ್ಮ ಕೌಂಟಿಯಲ್ಲಿ ನನಗೆ ತಿಳಿದಿದ್ದ ಎರಡನೆಯ ಚರ್ಮವೂ ಮುಗಿಯಿತು.

ವರ್ನನ್ ಅವರಿಗೆ ಈಗ ಎಂಬತ್ತೊಂದು. ಎಡಗಣ್ಣಿಗೆ ಪೊರೆ ಬಂದಿದೆ, ಬೂದು ಮತ್ತು ಬಿಳಿಯ ವ್ಯತ್ಯಾಸ ಅದರಲ್ಲಿ ಕಾಣುವುದಿಲ್ಲ. ಬಲಗಣ್ಣಿಗೆ ಇನ್ನೆಷ್ಟು ಕಾಲವೆಂದು ವೈದ್ಯರು ಹೇಳುತ್ತಿಲ್ಲ. ತಮ್ಮ ಕೆಲಸ ಸರಿಯಿತ್ತೆಂದು ಅಚ್ಚಾದ ಅಕ್ಷರದಲ್ಲಿ ತಾವೇ ಓದಬೇಕೆಂಬುದಷ್ಟೇ ಅವರ ಹಟ.

ಆದ್ದರಿಂದ, ತೀರ್ಪುಗಾರರ ಸಮಿತಿಯ ಏಳೂ ಸದಸ್ಯರೇ, ವಿಶೇಷವಾಗಿ ರಸೆಲ್ ಹೇವರ್‌ಕ್ಯಾಂಪ್ ಅವರೇ: ವರ್ನನ್ ಮಾಡಿದ ಹಾನಿಗೆ ಅವರನ್ನು ಶಿಕ್ಷಿಸಿದ್ದೀರಿ, ಒಪ್ಪಿದೆ. ಅದೇ ಹಾನಿಯನ್ನು ಒಂಬತ್ತು ವರ್ಷ ಮೊದಲು, ಒಂದು ವಸ್ತುವಿನ ಅರ್ಧಕ್ಕಲ್ಲ, ಇಡೀ ವಸ್ತುವಿಗೇ ಮಾಡಿದವರಿಗೂ ಅದೇ ಶಿಕ್ಷೆಯನ್ನು ಅದೇ ನಿಯಮದಡಿ ವಿಧಿಸಿ. ನಲವತ್ತೊಂದನೆಯ ಪುಟವನ್ನು ಕಿತ್ತುಹಾಕಿ ನನ್ನ ಹದಿನಾಲ್ಕು ಫೋಟೋಗಳಲ್ಲಿ ಎಡಬದಿಯದನ್ನು ಅಚ್ಚು ಹಾಕಿ. ಅಂಕ ಕಳೆದುಕೊಂಡ ಎಂಟು ಜನರಿಗೆ ತಪ್ಪು ನಮ್ಮದೆಂದು ಬರೆಯಿರಿ. ಮತ್ತು ಇವೆಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಅಂಚೆಯಲ್ಲಲ್ಲ, ನೀವೇ ಹೋಗಿ ಆ ಗ್ಯಾರೇಜಿನ ಬಾಗಿಲಲ್ಲಿ ನಿಂತು ವರ್ನನ್ ಸ್ಟಕಿಯವರ ಕೈಗೆ ಕೊಡಿ.