ದುಬೈಗೆ ಹೋಗಿ ಬರುವ ಹಾಡಿನ ಪೆಟ್ಟಿಗೆ

ಇತ್ತೀಚೆಗೆ ಹೊಸ ಫೋನು ಕೊಂಡೆ. ಹಳೆಯದನ್ನು ಅದರ ಪಕ್ಕದಲ್ಲಿಟ್ಟು ಒಳಗೆ ಹೋಗಿ ಕಾಫಿ ಮಾಡಿಕೊಂಡು ಬರುವಷ್ಟರಲ್ಲಿ ಹಾಡು, ಫೋಟೋ, ಯಾರ್ಯಾರದೋ ನಂಬರು ಎಲ್ಲವೂ ತಾವಾಗಿಯೇ ಈಚೆಯಿಂದ ಆಚೆಗೆ ದಾಟಿಕೊಂಡಿದ್ದವು. ಒಂದು ಪ್ರಶ್ನೆಯಿಲ್ಲ, ಒಂದು ತಕರಾರಿಲ್ಲ. ನಿಮಗೆ ಇದರಲ್ಲಿ ವಿಶೇಷವೇನೂ ಕಾಣಿಸದಿರಬಹುದು. ನನಗೆ ಮಾತ್ರ ಶಂಕರಪುರದ ಲೀಲಾ ಚಿಕ್ಕಮ್ಮ ನೆನಪಾದರು. ಕಾಫಿ ಅಲ್ಲೇ ಆರಿಹೋಯಿತು.

ಚಿಕ್ಕಮ್ಮನದು ಮಲ್ಲಿಗೆ ಕಟ್ಟುವ ಮನೆ. ಹಿತ್ತಿಲ ತುಂಬ ಗಿಡ. ಬೆಳಗ್ಗೆ ಬೇಗ ಮೊಗ್ಗು ಕೊಯ್ದು, ಜಗಲಿಯಲ್ಲಿ ಕಾಲು ಚಾಚಿ ಕೂತು, ಬಾಳೆನಾರಿನಲ್ಲಿ ಕಟ್ಟಿ, ಹೂ ಒಯ್ಯುವವನು ಬರುವುದರೊಳಗೆ ಮಾಲೆಯನ್ನು ಸುತ್ತಿ ಚೆಂಡು ಮಾಡಿ ಮುಗಿಸಬೇಕು. ಅವನ ಬೈಕು ಯಾರ ಮನೆಯ ಮುಂದೆಯೂ ಕಾಯುವುದಿಲ್ಲ. ಹಾಗಾಗಿ ಚಿಕ್ಕಮ್ಮನ ಒಂದು ಕಿವಿಗೆ ಇಯರ್‌ಫೋನು, ಇನ್ನೊಂದು ಕಿವಿ ಬೈಕಿನ ಹಾರ್ನಿಗೆ ಮೀಸಲು. ಇಯರ್‌ಫೋನಿನ ಇನ್ನೊಂದು ತುದಿಯಲ್ಲಿ, ಸೊಂಟಕ್ಕೆ ಸಿಕ್ಕಿಸಿಕೊಂಡ, ಸಾಬೂನಿನಷ್ಟು ದೊಡ್ಡದೊಂದು ಹಾಡಿನ ಪೆಟ್ಟಿಗೆ. ದುಬೈಯಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಕೊಡಿಸಿದ್ದು.

ಆ ಕಾಲದ ಪೆಟ್ಟಿಗೆಗಳಿಗೆ ಒಂದು ಪಾತಿವ್ರತ್ಯವಿತ್ತು. ಮೊದಲು ಕೈಹಿಡಿದ ಕಂಪ್ಯೂಟರನ್ನು ಬಿಟ್ಟು ಬೇರೆಯದರ ಮುಖ ನೋಡುತ್ತಿರಲಿಲ್ಲ. ಇದರ ಮದುವೆ ಆಗಿದ್ದು ದುಬೈಯಲ್ಲಿ, ಚಿಕ್ಕಪ್ಪನ ರೂಮಿನ ಕಂಪ್ಯೂಟರಿನೊಂದಿಗೆ. ಆದ್ದರಿಂದ ಇದ್ದ ಹಾಡು ಕೇಳಿ ಬೇಸರವಾದಾಗಲೆಲ್ಲ ಅದು ಹೊಸ ಹಾಡಿಗಾಗಿ ಗಂಡನ ಮನೆಗೆ ಹೋಗಬೇಕಾಗಿತ್ತು. ಹತ್ತಿರದ ಇನ್ನಂಜೆಯಲ್ಲೋ ಕಾಪುವಿನಲ್ಲೋ ರಜೆ ಮುಗಿಸಿ ದುಬೈಗೆ ಹೊರಟವರು ಯಾರಾದರೂ ಇದ್ದೇ ಇರುತ್ತಿದ್ದರು. ಅವರ ಚೀಲದಲ್ಲಿ ಹಪ್ಪಳ, ಉಪ್ಪಿನಕಾಯಿಯ ನಡುವೆ ಕೂತು ಹೋಗುತ್ತಿತ್ತು. ತಿಂಗಳುಗಳು ಕಳೆದು ಇನ್ನೊಬ್ಬರ ಚೀಲದಲ್ಲಿ ಖರ್ಜೂರದೊಂದಿಗೆ ಮರಳುತ್ತಿತ್ತು. ಹಾಡು ತುಂಬಿಸಿಕೊಳ್ಳಲು ವಿಮಾನ ಹತ್ತುವ ಪೆಟ್ಟಿಗೆಯನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಒಮ್ಮೆಯಂತೂ ಅದಕ್ಕೆ ಮಾವಿನ ಮಿಡಿಯ ವಾಸನೆ ಹತ್ತಿ ಒಂದು ಮಳೆಗಾಲ ಕಳೆದರೂ ಬಿಟ್ಟಿರಲಿಲ್ಲ.

ಹಾಡಿಗಾಗಿ ಇಷ್ಟೆಲ್ಲ ಯಾಕೆ ಎಂದು ನಾನೂ ನಕ್ಕಿದ್ದೆ. ಆದರೆ ವಿಷಯ ಹಾಡಿನದಲ್ಲ. ಚಿಕ್ಕಪ್ಪ ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬ ಜಾತಿಯವರು. ದುಬೈಯಿಂದ ಫೋನು ಮಾಡಿದರೂ “ಹುಷಾರಾ? ಮಳೆ ಉಂಟಾ? ಇಡ್ತೇನೆ” ಇಷ್ಟೇ. ಅಂಥವರಿಗೆ ಈ ಪೆಟ್ಟಿಗೆಯಲ್ಲಿದ್ದ ಸಣ್ಣ ಮೈಕು ಹೇಗೋ ಒಗ್ಗಿಬಿಟ್ಟಿತ್ತು. ಹಾಡು ತುಂಬಿಸಿದ ಮೇಲೆ ಅದಕ್ಕೆ ಬಾಯಿ ಹಚ್ಚಿ ಮಾತಾಡಿ ಕಳಿಸುತ್ತಿದ್ದರು. “ಇವತ್ತು ನಿನ್ನ ಹಾಗೆ ಸಾರು ಮಾಡಲಿಕ್ಕೆ ಹೋದೆ. ರೂಮಿನವರೆಲ್ಲ ಎದ್ದು ಹೋಟೆಲಿಗೆ ಹೋದರು ಮಾರಾಯ್ತಿ.” ಅವರ ಮನೆಮಾತು ತುಳು, ನಿಮಗಾಗಿ ಕನ್ನಡ ಮಾಡಿ ಹೇಳುತ್ತಿದ್ದೇನೆ. ಚಿಕ್ಕಮ್ಮ ಹೂ ಕಟ್ಟುತ್ತಾ ಒಬ್ಬರೇ ನಗುತ್ತಿದ್ದದ್ದು ಈ ಮಾತುಗಳಿಗೆ.

ಹೀಗಿರುವಾಗ ದುಬೈಯ ಕಂಪ್ಯೂಟರು ಕೆಟ್ಟು ಕೂತಿತು. ಚಿಕ್ಕಪ್ಪ ಬೇರೊಂದು ಕೊಂಡರು. ಅದಕ್ಕೆ ಪೆಟ್ಟಿಗೆಯನ್ನು ಸಿಕ್ಕಿಸಿದರೆ ‘ಇದರಲ್ಲಿರುವುದನ್ನೆಲ್ಲ ಅಳಿಸಲೇ?’ ಎಂಬ ಪ್ರಶ್ನೆ. ಮೇಲಿಂದ ಅರ್ಧದಷ್ಟು ಹಾಡುಗಳು ಹೆಸರು ತೋರಿಸಿ ಸುಮ್ಮನಾಗುತ್ತಿದ್ದವು. ಅಷ್ಟೂ ವರ್ಷಗಳ ಮಾತು ಇದ್ದದ್ದು ಆ ಪೆಟ್ಟಿಗೆಯಲ್ಲಿ ಮಾತ್ರ. ಅವರು ಹೆದರಿ, ಏನನ್ನೂ ಒತ್ತದೆ, “ಮಣಿಪಾಲದ ಹುಡುಗಿಗೆ ತೋರಿಸು” ಎಂದು ವಾಪಸು ಕಳಿಸಿದರು.

ಮಣಿಪಾಲದ ಹುಡುಗಿ ನಾನೇ. ನಮ್ಮ ಕುಟುಂಬದಲ್ಲಿ ನಾನು ಕಂಪ್ಯೂಟರ್ ಪಂಡಿತೆ. ಅರ್ಹತೆ ಏನೆಂದರೆ, ಕಚೇರಿಯಲ್ಲಿ ದಿನವಿಡೀ ಅದರ ಎದುರು ಕೂರುತ್ತಿದ್ದೆ.

ಚಿಕ್ಕಮ್ಮ ಒಂದು ಭಾನುವಾರ ಬಸ್ಸು ಹತ್ತಿ ನನ್ನ ಬಾಡಿಗೆ ಕೋಣೆಗೆ ಬಂದರು. ಪೆಟ್ಟಿಗೆಯನ್ನು ಸಿಕ್ಕಿಸಿದೆ. ಅದೇ ಪ್ರಶ್ನೆ ಬಂತು.

“ಎಂತ ಹೇಳ್ತಾ ಉಂಟು ಅದು?”

“ಎಲ್ಲ ಅಳಿಸಿ ಹೊಸದಾಗಿ ಶುರು ಮಾಡುವುದಾ ಅಂತ ಕೇಳ್ತಾ ಉಂಟು.”

ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು. “ಬೇಡ ಹೇಳು ಮಗಾ. ಮೊದಲು ಬೇಡ ಹೇಳು.”

ಬೇಡ ಎಂದೆ. ಅಂದು ಅವರು ಕೈ ಹಿಡಿಯದಿದ್ದರೆ ಪಂಡಿತೆ ಏನು ಮಾಡುತ್ತಿದ್ದಳೋ ದೇವರಿಗೇ ಗೊತ್ತು. ಕಚೇರಿಯ ಗೆಳತಿಯೊಬ್ಬಳಿಗೆ ಫೋನು ಮಾಡಿ ಕೇಳಿದಾಗ, ಹಾಡುಗಳು ಪೆಟ್ಟಿಗೆಯೊಳಗೆ ಅಡಗಿ ಕೂತಿರುತ್ತವೆ, ಅಡಗಿದ್ದನ್ನು ತೋರಿಸು ಎಂದು ಕಂಪ್ಯೂಟರಿಗೆ ಹೇಳಬೇಕು ಎಂದಳು. ಹೇಳಿದೆ. ಸಾಲುಸಾಲಾಗಿ ಹೊರಬಂದವು. ಹಾಡುಗಳಿಗೆ ಏನೂ ಆಗಿರಲಿಲ್ಲ, ಪೆಟ್ಟಿಗೆಗೆ ಅವು ಎಲ್ಲಿವೆ ಎಂಬುದೇ ಮರೆತುಹೋಗಿತ್ತು. ಎಲ್ಲವನ್ನೂ ನನ್ನ ಕಂಪ್ಯೂಟರಿಗೆ ಇಳಿಸಿಕೊಂಡೆ. ಆದರೆ ಚಿಕ್ಕಪ್ಪನ ಮಾತುಗಳು ಹೆಸರಿಲ್ಲದೆ, ತಾರೀಕಿಲ್ಲದೆ ಹಿಂದುಮುಂದಾಗಿ ಬಿದ್ದಿದ್ದವು.

“ಹಾಕು, ನಾನು ಹೇಳ್ತೇನೆ” ಎಂದು ಚಿಕ್ಕಮ್ಮ ಕಣ್ಣು ಮುಚ್ಚಿ ಕೂತರು. ಒಂದೊಂದಾಗಿ ಹಾಕಿದೆ. “ಇದು ಮೊದಲಿನದು. ಹಿಂದೆ ಫ್ಯಾನು ಕಿರುಗುಟ್ಟುವುದು ಕೇಳ್ತದಲ್ಲ, ಹಳೆ ರೂಮು. ಇದು ಏಸಿ ಬಂದ ನಂತರದ್ದು. ಇದಾ? ಇದರಲ್ಲಿ ಶೀತ ಆಗಿದೆ, ಆದರೆ ಹೇಳುವುದಿಲ್ಲ ನೋಡು.” ಮಾತನ್ನಲ್ಲ, ಮಾತಿನ ಹಿಂದಿದ್ದ ಕೋಣೆಯನ್ನೇ ಅವರು ಕೇಳಿಸಿಕೊಂಡಿದ್ದರು. ಅವರು ಎಂದೂ ಕಾಲಿಡದ ಕೋಣೆ. ನನಗೆ ಅವರ ಮೇಲೆ ಹುಟ್ಟಿದ ಗೌರವ ಇಂದಿಗೂ ಇಳಿದಿಲ್ಲ. ಇಷ್ಟು ಪ್ರೀತಿಯಿಂದ ನನ್ನ ಮಾತನ್ನು ಯಾರಾದರೂ ಕೇಳಿಯಾರೇ ಎಂದು ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಎಲ್ಲ ಸಿಡಿಗೆ ಇಳಿಸಿದ ಮೇಲೆ ನಾನು ಉಬ್ಬಿ ಹೇಳಿದೆ: “ಇನ್ನು ಇದನ್ನು ನನ್ನ ಕಂಪ್ಯೂಟರಿಗೇ ಜೋಡಿಸ್ತೇನೆ. ದುಬೈಗೆ ಕಳಿಸುವುದೇ ಬೇಡ. ಹಾಡು ಬೇಕಾದಾಗ ಇಲ್ಲೇ ತುಂಬಿಸುವ.”

ಚಿಕ್ಕಮ್ಮನ ಮುಖ ಸಣ್ಣದಾಯಿತು. “ಇಲ್ಲೇ ತುಂಬಿಸಿದರೆ ಅವರು ಮತ್ತೆ ಮಾತಾಡುವುದು ಯಾವಾಗ ಮಗಾ? ಅಲ್ಲಿಯದಕ್ಕೇ ಜೋಡಿಸುವ ಹಾಗೆ ಮಾಡಿಕೊಡು. ನೀನು ರಿಪೇರಿ ಮಾಡಿದ್ದು ಸಾಕು.”

ಒಂದು ಸಿಡಿ ಅವರ ಕಪಾಟಿಗೆ ಹೋಯಿತು. ಇನ್ನೊಂದು ಪೆಟ್ಟಿಗೆಯೊಂದಿಗೆ ದುಬೈಗೆ ಹೋಯಿತು. ಪೆಟ್ಟಿಗೆಯ ಎರಡನೆಯ ಮದುವೆಯೂ ಅಲ್ಲೇ, ಹೊಸ ಕಂಪ್ಯೂಟರಿನೊಂದಿಗೆ ನಡೆಯಿತು.

ಚಿಕ್ಕಪ್ಪ ಕೆಲಸ ಬಿಟ್ಟು ಊರಿಗೆ ಬಂದು ವರ್ಷಗಳಾದವು. ಪೆಟ್ಟಿಗೆ ಎಂದೋ ಸತ್ತಿತು. ಇದೆಲ್ಲ ನೆನಪಾದದ್ದೇ ನೆಪವಾಗಿ ಮೊನ್ನೆ ಬೆಳಗ್ಗೆ ಶಂಕರಪುರಕ್ಕೆ ಹೋದೆ. ಚಿಕ್ಕಪ್ಪ “ಬಂದೆಯಾ?” ಎಂದರು, ಅಲ್ಲಿಗೆ ಅವರ ಮಾತು ಮುಗಿಯಿತು. ಜಗಲಿಯಲ್ಲಿ ಚಿಕ್ಕಮ್ಮ ಹೂ ಕಟ್ಟುತ್ತಿದ್ದರು, ನಾವಿಬ್ಬರೂ ಪಕ್ಕದಲ್ಲಿ ಕೂತೆವು. ನನಗೆ ಚಿಕ್ಕಮ್ಮನ ಬಗ್ಗೆ ಅಯ್ಯೋ ಅನ್ನಿಸಿತು. ಹೊರಡಲೆಂದು ಎದ್ದೆ.

ಅಷ್ಟರಲ್ಲಿ ಚಿಕ್ಕಮ್ಮ, “ಆಚೆ ಬದಿಯ ಗಿಡದಲ್ಲಿ ಮೊಗ್ಗು ಉಳಿದಿದೆಯಾ ನೋಡಿ” ಎಂದು ಅವರನ್ನು ಎಬ್ಬಿಸಿದರು. ಆ ಗಿಡ ಆಗಲೇ ಕೊಯ್ದು ಖಾಲಿಯಾದದ್ದು ನನಗೂ ಕಾಣುತ್ತಿತ್ತು. ಚಿಕ್ಕಪ್ಪ ಬುಟ್ಟಿ ಹಿಡಿದು ಹೋಗಿ ಗಿಡಗಳ ಹಿಂದೆ ಮರೆಯಾದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಸ್ವರ ಬಂತು: “ಇಲ್ಲಿ ಕೇಳು, ನಿನ್ನೆ ಕಾಪು ಪೇಟೆಯಲ್ಲಿ ಎಂತ ಆಯ್ತು ಗೊತ್ತುಂಟಾ?”

ಚಿಕ್ಕಮ್ಮ ಹೂವಿನಿಂದ ತಲೆಯೆತ್ತದೆ ನನಗೆ ಪಿಸುಗುಟ್ಟಿದರು: “ಎದುರು ಕೂತರೆ ಅವರಿಗೆ ಮಾತು ಬರುವುದಿಲ್ಲ. ಸ್ವಲ್ಪ ದೂರ ಬೇಕು.” ಮತ್ತೆ ಗಿಡಗಳ ಕಡೆಗೆ ಸ್ವರವೆತ್ತಿ, “ಎಂತ ಆಯ್ತು?” ಎಂದರು. ನಾನು ಸದ್ದಿಲ್ಲದೆ ಮತ್ತೆ ಕೂತೆ.