ಖರೇ ಬರೀರಿ

ಗಂಗಾವತಿಯ ಕಾಲೇಜಿನಲ್ಲಿ ನಮಗೆ ಮನಶ್ಶಾಸ್ತ್ರ ಕಲಿಸುತ್ತಿದ್ದ ಸರ್, ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದಲೇ ತೆಗೆಯುತ್ತಿದ್ದರು. ಯಾವ ಮಾತಿಗೂ ಮೊದಲು ‘ಖರೇ ಹೇಳ್ರಿ’ ಎನ್ನುತ್ತಿದ್ದರು.

ಕೊನೆಯ ವರ್ಷ ತಮ್ಮ ಪಿಎಚ್‌ಡಿಗೆಂದು ನಮಗೊಂದು ಪ್ರಶ್ನಾವಳಿ ಹಂಚಿದರು. ಕಾಮದ ಚಟ ಎಷ್ಟು ಕೈಮೀರಿದೆ ಎಂದು ಅಳೆಯುವ ಪ್ರಶ್ನೆಗಳು.

‘ಹೆಸರು ಬರೀಬ್ಯಾಡ್ರಿ. ಖರೇ ಬರೀರಿ,’ ಎಂದು ಕಿಟಕಿಯತ್ತ ತಿರುಗಿ ನಿಂತರು.

ಇಪ್ಪತ್ತು ದಾಟಿದ್ದರೂ ನಮ್ಮವರಿಗೆ ಹಾಳೆ ಕಂಡರೆ ಅದು ಪರೀಕ್ಷೆಯೇ. ಮೊದಲ ಬೆಂಚಿನ ಜಾಣ ಎಲ್ಲಕ್ಕೂ ‘ಎಂದೂ ಇಲ್ಲ’ ಎಂದು ಗುರುತು ಹಾಕಿದ. ಹಿಂದಿನವರೆಲ್ಲ ಅದನ್ನೇ ನಕಲು ಹೊಡೆದರು. ಬಿಡಬೇಕೆಂದರೂ ಬಿಡಲಾಗದ ಆ ಚಟದ ನನ್ನ ಗೋಳನ್ನು ಯಾರಿಗೂ ಹೇಳಿರಲಿಲ್ಲ. ಆ ಹಾಳೆಗೆ ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ.

ಮರುದಿನ ಧೈರ್ಯ ಮಾಡಿ ಸರ್ ಬಳಿ ಮಾತಾಡಲು ಹೋದೆ. ಅವರು ಹಾಳೆಗಳ ಕಟ್ಟನ್ನು ಪಕ್ಕದ ಉಪನ್ಯಾಸಕರಿಗೆ ತೋರಿಸುತ್ತಿದ್ದರು.

‘ಎಲ್ಲಾರೂ ಎಷ್ಟು ಛಲೋ ತುಂಬ್ಯಾರ ನೋಡ್ರಿ. ಯಾವನೋ ಒಬ್ಬ ಮಾತ್ರ ಚ್ಯಾಷ್ಟಿ ಮಾಡ್ಯಾನ.’

ಎಳೆದು ತೆಗೆದದ್ದು ನನ್ನ ಹಾಳೆ. ಅದನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ಕೊಟ್ಟರು.

‘ಈ ಟೇಬಲ್ ಭಾಳ ಅಳ್ಳಾಡತೈತಿ. ಕಾಲಿನ ಕೆಳಗ ಇಡಪಾ.’

ಬಗ್ಗಿ ಇಟ್ಟೆ. ಟೇಬಲ್ ಗಟ್ಟಿಯಾಗಿ ನಿಂತಿತು. ಸರ್ ಮುಚ್ಚಳವನ್ನು ಹಲ್ಲಿನಿಂದ ತೆಗೆದು ಉಳಿದ ಹಾಳೆಗಳ ಎಣಿಕೆ ಶುರು ಮಾಡಿದರು.